ಆಂಬುಲೆನ್ಸ್ ಬರುವವರೆಗೆ ಉಸಿರಿಗೆ ಆಸರೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶುಶ್ರೂಷಕಿಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹಿಂದೆ ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ನರ್ಸ್. ಉಸಿರಾಟದ ತೊಂದರೆ ಇರುವವರ ಆರೈಕೆಯೇ ನನ್ನ ಕೆಲಸ. ಆದ್ದರಿಂದ ಪ್ರತಿ ಮನೆಗೂ ಬೇಕಾದ ನಾಲ್ಕು ಮಾತು ಹೇಳುತ್ತೇನೆ.

ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದು 30 ದಾಟಿದರೆ, ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಗಾಡಿ ಬರುವವರೆಗೆ ಏನು ಮಾಡಬೇಕು? ನಮ್ಮಲ್ಲಿ ರೋಗಿಯನ್ನು ಅಂಗಾತ ಮಲಗಿಸಿ, ಸುತ್ತ ಜನ ನಿಂತು, ಬಾಯಿಗೆ ನೀರು ಬಿಡುತ್ತಾರೆ. ಮೂರೂ ತಪ್ಪು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಏದುಸಿರಿನಲ್ಲಿ ಕುಡಿಸಿದ ನೀರು ಶ್ವಾಸನಾಳಕ್ಕೆ ಹೋಗಬಹುದು. ಎಚ್ಚರವಿರುವ ರೋಗಿಯನ್ನು ಕೂರಿಸಿ, ಮುಂದೆ ದಿಂಬುಗಳನ್ನಿಟ್ಟು, ಅದರ ಮೇಲೆ ತೋಳೂರಿ ಸ್ವಲ್ಪ ಬಾಗಲು ಹೇಳಿ. ಕಿಟಕಿ ತೆರೆಯಿರಿ, ಬಿಗಿಯಾದ ಬಟ್ಟೆ ಸಡಿಲಿಸಿ. ಮೂಗಿನಿಂದ ಉಸಿರೆಳೆದು, ಸಿಳ್ಳೆ ಹಾಕುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಲು ಹೇಳಿ. ನೀವೂ ಜೊತೆಯಲ್ಲಿ ಹಾಗೆಯೇ ಮಾಡಿ ತೋರಿಸಿದರೆ ಅವರ ಗಾಬರಿ ಇಳಿಯುತ್ತದೆ.

ಇನ್ಹೇಲರ್ ಚಟವಾಗುತ್ತದೆ ಎಂಬ ಭಯ ಬೇಡ. ಔಷಧ ಅತಿ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಒತ್ತುವ ಬಗೆಯ ಇನ್ಹೇಲರನ್ನು ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಬಾಯಿಂದ ನಿಧಾನವಾಗಿ ಎಳೆಯುತ್ತಾ ಒತ್ತಬೇಕು. ಆಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಬೇಕು. ದಮ್ಮು ಕಡಿಮೆಯಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಈಗ ಕೆಲವು ಮನೆಗಳಲ್ಲಿ ಆಕ್ಸಿಜನ್ ಯಂತ್ರ ಇದೆ. ಆಕ್ಸಿಜನ್ ಕೂಡ ಔಷಧವೇ, ವೈದ್ಯರು ಹೇಳಿದಷ್ಟೇ ಕೊಡಬೇಕು. ಬಹುಕಾಲದ ಸಿ.ಓ.ಪಿ.ಡಿ. ಇರುವ ಹಲವರಿಗೆ ಬೆರಳಿನ ಯಂತ್ರದಲ್ಲಿ 88ರಿಂದ 92 ತೋರಿಸಿದರೆ ಸಾಕು. ನೂರಾಗಲಿ ಎಂದು ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಪ್ರಜ್ಞೆ ತಪ್ಪಬಹುದು. ಯಂತ್ರದ ಹತ್ತಿರ ದೀಪ, ಊದುಬತ್ತಿ, ಬೀಡಿ ಹಚ್ಚಲೇಬಾರದು.

ತಾಯಂದಿರೇ, ಕೆಮ್ಮು ಬಂದ ಮಗು ಅಳದೆ ಮಲಗಿರುವಾಗ ಹೊಟ್ಟೆಯ ಏರಿಳಿತ ನೋಡಿ ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ನ್ಯುಮೋನಿಯಾ ಇರಬಹುದು. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ನೇರ ಆಸ್ಪತ್ರೆಗೆ ಹೊರಡಿ. ಬರೆ ಹಾಕಿದರೆ ಮಗುವಿಗೆ ಸುಟ್ಟ ಗಾಯವಾಗುತ್ತದೆ, ನ್ಯುಮೋನಿಯಾ ಹಾಗೆಯೇ ಉಳಿಯುತ್ತದೆ.

ಬೀಡಿಯನ್ನೇ ಮುಟ್ಟದ ಅಜ್ಜಿಯರಿಗೂ ದಮ್ಮು ಬರುವುದುಂಟು. ಬಹಳ ವರ್ಷ ಸೌದೆ ಒಲೆಯ ಹೊಗೆ ಕುಡಿದದ್ದು ಅದಕ್ಕೊಂದು ಮುಖ್ಯ ಕಾರಣ. ಗ್ಯಾಸ್ ಇದ್ದೂ ಸ್ನಾನದ ನೀರಿಗೆ, ರೊಟ್ಟಿಗೆ ಸೌದೆ ಉರಿಸುವ ಮನೆಗಳಲ್ಲಿ ಹೊಗೆ ಹೊರಹೋಗಲು ದಾರಿ ಮಾಡಿ.

ಗುರುಗಳಲ್ಲಿ ಒಂದು ವಿನಂತಿ. ಉಸಿರೆಣಿಸುವುದನ್ನು, ರೋಗಿಯನ್ನು ಕೂರಿಸುವುದನ್ನು ಹತ್ತನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಕಲಿಸಿ. ಅದಕ್ಕೆ ಸೆಕೆಂಡಿನ ಮುಳ್ಳಿರುವ ಗಡಿಯಾರ, ಎರಡು ದಿಂಬು ಇದ್ದರೆ ಸಾಕು. ಕರೆದರೆ ಬಂದು ಹೇಳಿಕೊಡಲು ನಾನು ಸಿದ್ಧಳಿದ್ದೇನೆ.