ಅಡುಗೆ ಅನಿಲ: ಜೋಡಿಸುವ ಮುನ್ನ, ಜೋಡಿಸಿದ ಮೇಲೆ



ಈ ವೇದಿಕೆಯಿಂದ ಪ್ರತಿವರ್ಷ ವಿದ್ಯೆಯ ಮಹತ್ವ ಕುರಿತು ಮಾತನಾಡುವುದು ವಾಡಿಕೆ. ಈ ಸಲ ನಾನು ಅಡುಗೆಮನೆಯ ವಿಷಯ ಎತ್ತಿಕೊಂಡಿದ್ದೇನೆ. ಉರ್ದು, ಕನ್ನಡ ಕಲಿಸುವವರಿಗೆ ಗ್ಯಾಸಿನ ಉಸಾಬರಿ ಏಕೆ ಎಂದು ನೀವು ನಗಬಹುದು. ಕಾರಣ ಹೇಳುತ್ತೇನೆ.

ನಮ್ಮ ಅಳವಂಡಿಯಂಥ ಊರುಗಳಲ್ಲಿ ಒಲೆಗೆ ಹತ್ತಿಕಟ್ಟಿಗೆ, ಜಾಲಿ, ಕುಳ್ಳು ಇವೇ ಆಧಾರವಾಗಿದ್ದವು. 2016ರ ಮೇ 1ರಂದು ಕೇಂದ್ರ ಸರ್ಕಾರದ ಉಜ್ವಲ ಯೋಜನೆ ಆರಂಭವಾದ ಮೇಲೆ ಎಷ್ಟೋ ಮನೆಗಳು ಮೊದಲ ಬಾರಿಗೆ ಸಿಲಿಂಡರ್ ಕಂಡವು. ಹೊಗೆಯ ಕಾಟ ತಪ್ಪಿತು, ಬಹಳ ಒಳ್ಳೆಯದಾಯಿತು. ಆದರೆ ಕಟ್ಟಿಗೆಯ ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಸೋರುವ ಅನಿಲ ಕಾಣುವುದಿಲ್ಲ.

ನಮ್ಮ ಮನೆಯಲ್ಲೇ ನಡೆದದ್ದು. ಒಂದು ಸಂಜೆ ಹೊಸ ಸಿಲಿಂಡರ್ ಹಚ್ಚಿದ್ದೆವು. ಹಚ್ಚಿದವನು ನಾನೇ, ಅವಸರದಲ್ಲಿ. ಮಗ್ರಿಬ್ ಹೊತ್ತಿಗೆ ಅಮ್ಮ ನೆಲದ ಮೇಲೆ ಕುಳಿತು ರೊಟ್ಟಿ ಹಿಟ್ಟು ನಾದುತ್ತಿದ್ದವರು, "ಏನೋ ಕೆಟ್ಟ ವಾಸನಿ ಬರಾಕತ್ತೈತಿ ನೋಡಪಾ" ಎಂದರು. ನಿಂತಿದ್ದ ನನಗೆ ಏನೂ ವಾಸನೆ ಬರಲಿಲ್ಲ. ಪಕ್ಕದ ಮನೆಯ ಚಾಚಾ ಬಂದು, "ಕಡ್ಡಿ ಗೀರಿ ನೋಡು, ಎಲ್ಲಿ ಸೋರತೈತಿ ಅಲ್ಲಿ ಹತ್ತತೈತಿ" ಎಂದು ಸಲಹೆ ಕೊಟ್ಟರು. ಬಿ.ಇಡಿ. ಮಾಡಿದ ನಾನು ಪೆಟ್ಟಿಗೆಯಿಂದ ಕಡ್ಡಿ ತೆಗೆದೂ ಬಿಟ್ಟಿದ್ದೆ! ಅಮ್ಮ ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. ಶಾಲೆಯ ಮುಖ ಕಾಣದ ಅವರು ಅಂದು ನನ್ನನ್ನು, ಬಹುಶಃ ಎಲ್ಲರನ್ನೂ, ಉಳಿಸಿದರು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಸಿಲಿಂಡರ್ ಅಂಗಳಕ್ಕೆ ಒಯ್ದು ನೋಡಿದರೆ ವಾಲ್ವಿನ ಒಳಗಿರಬೇಕಾದ ಸಣ್ಣ ರಬ್ಬರ್ ಉಂಗುರವೇ ಇರಲಿಲ್ಲ.

ಕುಳಿತವರಿಗೆ ಬಂದ ವಾಸನೆ ನಿಂತವನಿಗೆ ಏಕೆ ಬರಲಿಲ್ಲ? ವಿದ್ಯಾರ್ಥಿಗಳೇ, ಇದನ್ನು ಗಮನವಿಟ್ಟು ಕೇಳಿ. ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳ ಮಿಶ್ರಣ, ಒತ್ತಡದಿಂದ ದ್ರವವಾಗಿರುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಆದ್ದರಿಂದ ಸೋರಿದಾಗ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ನಮಗೆ ಗೊತ್ತಾಗಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ.

ಇನ್ನು ಜೋಡಿಸುವ ವಿಚಾರ. ಸಿಲಿಂಡರ್ ಮನೆಗೆ ಬಂದಾಗ ಸೀಲ್ ನೋಡಿ, ತೂಕ ಮಾಡಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ಲೆಕ್ಕ ಸರಿಹೋಗಬೇಕು. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಮುಂದೆ ಎರಡು ಅಂಕಿ ಇರುತ್ತವೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಂಕಿ ಎಂದರೆ ಇಸವಿ. ಆ ತಿಂಗಳೊಳಗೆ ಸಿಲಿಂಡರನ್ನು ಮರುಪರೀಕ್ಷೆಗೆ ಕಳಿಸಬೇಕೆಂದು ಅರ್ಥ. ಅವಧಿ ಮೀರಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡಿ. ಅಜ್ಜಿಗೆ, ಅಮ್ಮನಿಗೆ ಇದನ್ನು ಓದಿ ಹೇಳುವ ಕೆಲಸ ನಿಮ್ಮದು, ಮಕ್ಕಳೇ. ನಾಲ್ಕನೇ ಇಯತ್ತೆಯ ಹುಡುಗಿಗೂ ಇದು ಸಾಧ್ಯ.

ಮುಚ್ಚಳ ತೆಗೆದ ಮೇಲೆ ರಬ್ಬರ್ ಉಂಗುರ ಇದೆಯೇ ನೋಡಿ. ಸಿಲಿಂಡರನ್ನು ನೆಟ್ಟಗೆ, ಸಮನೆಲದ ಮೇಲೆ ಇಡಿ. ಮಲಗಿಸಕೂಡದು, ತಗ್ಗಿನಲ್ಲಿ ಇಡಕೂಡದು. ಒಲೆ ಅದಕ್ಕಿಂತ ಎತ್ತರದಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಇರಲಿ. ನಮ್ಮಲ್ಲಿ ಕುಳಿತು ರೊಟ್ಟಿ ಬಡಿಯುವ ಅಭ್ಯಾಸದಿಂದ ಒಲೆಯನ್ನು ನೆಲಕ್ಕೇ ಇಡುತ್ತಾರೆ. ಸೋರಿದ ಅನಿಲವೂ ಬೆಂಕಿಯೂ ಒಂದೇ ಮಟ್ಟದಲ್ಲಿದ್ದರೆ ಏನಾದೀತು ಯೋಚಿಸಿ. ಪೈಪು ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಕೇಸರಿ ಬಣ್ಣದ ಸುರಕ್ಷಾ ಪೈಪೇ ಆಗಿರಲಿ. ಹಳೆಯ ರಬ್ಬರ್ ಪೈಪನ್ನು ಇಲಿ ಕಡಿಯುತ್ತದೆ. ಉದ್ದ ಒಂದೂವರೆ ಮೀಟರ್ ಮೀರಬಾರದು, ನಡುವೆ ಜೋಡು ಹಾಕಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಚೆಂದ ಕಾಣಲೆಂದು ಬಟ್ಟೆ ಸುತ್ತಿದರೆ ಸೀಳು ಬಿಟ್ಟದ್ದು ತಿಳಿಯುವುದಿಲ್ಲ.

ಪರೀಕ್ಷೆ ಹೀಗೆ. ಒಲೆಯ ಗುಂಡಿಗಳೆಲ್ಲ ಬಂದ್ ಇರಲಿ, ಹತ್ತಿರ ಎಲ್ಲೂ ಬೆಂಕಿ ಇರದಿರಲಿ. ರೆಗ್ಯುಲೇಟರ್ ತೆರೆಯಿರಿ. ಬಟ್ಟಲಲ್ಲಿ ಸಾಬೂನು ಕದಡಿ ನೊರೆ ಮಾಡಿ, ವಾಲ್ವಿನ ಸುತ್ತ, ಪೈಪಿನ ಎರಡೂ ತುದಿಗೆ, ಪೈಪಿನ ಉದ್ದಕ್ಕೂ, ಗುಂಡಿಗಳ ಬುಡಕ್ಕೆ ಹಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಗುಳ್ಳೆ ಎದ್ದು ದೊಡ್ಡದಾಗುತ್ತಿದ್ದರೆ ಅಲ್ಲಿ ಸೋರಿಕೆ ಇದೆ. ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ದಾರಕ್ಕೆ ಕಟ್ಟಿದ ಮುಚ್ಚಳವನ್ನು ವಾಲ್ವಿಗೆ ಒತ್ತಿ ಕೂಡಿಸಿ. (ಆ ಮುಚ್ಚಳವನ್ನು ಮಕ್ಕಳ ಆಟಕ್ಕೆ ಕೊಡುವ ಮನೆಗಳನ್ನು ನಾನು ಬಲ್ಲೆ.) ಮನೆಯಲ್ಲಿ ವಾಸನೆ ತುಂಬಿದ್ದರೆ ಲೈಟಿನ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಹಾರುತ್ತದೆ. ದೀಪ, ಊದುಬತ್ತಿ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಇದು ಅಡುಗೆ ಅನಿಲ ಸೋರಿಕೆಗೆಂದೇ ಹಗಲಿರುಳು ಇರುವ ತುರ್ತು ಸಂಖ್ಯೆ.

ಮದುವೆ, ದಾವತ್‌ಗಳ ಭಟ್ಟಿಯ ಬಗ್ಗೆಯೂ ಒಂದು ಮಾತು. ಮನೆಯ ರೆಗ್ಯುಲೇಟರ್ ಒಲೆಗೆ ಕಳಿಸುವ ಒತ್ತಡ ಬಹಳ ಸಣ್ಣದು, ಒಂದು ಅಡಿ ಎತ್ತರದ ನೀರಿನ ಒತ್ತಡದಷ್ಟು. ಬೇಸಿಗೆಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಅದರ ನೂರು ಪಟ್ಟಿಗೂ ಮೀರಿರುತ್ತದೆ. ಬಿರಿಯಾನಿ ದೇಗಿನ ಭಟ್ಟಿಗೆ ಬಳಸುವ, ತಿರುವಿ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಬೇರೆ, ಅದರ ಪೈಪೂ ಬೇರೆ. ಅದನ್ನು ತಂದು ಮನೆಯ ಒಲೆಗೆ ಹಚ್ಚುವ ಜಾಣತನ ಬೇಡ. ದೇಗು ಅಂಗಳದಲ್ಲಿ ಬೇಯಲಿ, ಸಿಲಿಂಡರ್ ಭಟ್ಟಿಯಿಂದ ದೂರವಿರಲಿ.

ಈಚೆಗೆ ಬಚ್ಚಲಮನೆಗೆ ಗ್ಯಾಸ್ ಗೀಜರ್ ಹಾಕಿಸುವವರು ಹೆಚ್ಚಿದ್ದಾರೆ. ಅಲ್ಲಿ ಏನೂ ಸೋರದಿದ್ದರೂ ಅಪಾಯವಿದೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಪ್ರಾಣ ಬಿಟ್ಟ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಗೀಜರನ್ನು ಹೊರಗೋಡೆಗೆ ಹಾಕಿಸಿ, ಒಳಗೆ ಬಿಸಿನೀರಿನ ನಳ ಮಾತ್ರ ಬರಲಿ. ಒಲೆಯ ಉರಿಯೂ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರ್ ಸ್ವಚ್ಛ ಮಾಡಿಸಿ.

ಇಲ್ಲಿ ಮೇಜಿನ ಮೇಲೆ ಒಂದು ಖಾಲಿ ಸಿಲಿಂಡರ್, ರೆಗ್ಯುಲೇಟರ್, ಐದು ವರ್ಷ ದಾಟಿದ ನಮ್ಮ ಮನೆಯದೇ ಹಳೆಯ ಪೈಪು, ಒಂದು ಬಟ್ಟಲು ಸಾಬೂನು ನೀರು ಇಟ್ಟಿದ್ದೇನೆ. ಪೈಪಿನ ಒಂದು ತುದಿ ಕಟ್ಟಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಊದೋಣ. ಮೊದಲ ಸಾಲಿನ ಇಬ್ಬರು ಹುಡುಗಿಯರು ಬನ್ನಿ. ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೀವೇ ಹುಡುಕಿ ತೋರಿಸಿ.