ವಾರಿಯ ಹಿಂದಿನ ನೇಮ: ಬಂದ್ ಆದ ರಸ್ತೆಯಲ್ಲಿ ನಮಗೂ ಒಂದು ಕೆಲಸವಿದೆ



ಪುಣೆಗೆ ಕೆಲಸಕ್ಕೆ ಅಂತ ಬಂದ ನಮ್ಮಂಥವರಿಗೆ ವರ್ಷಕ್ಕೊಮ್ಮೆ ಆಫೀಸಿನ ಗ್ರೂಪಿನಲ್ಲಿ ಒಂದು ಮೆಸೇಜು ಬರುತ್ತೆ: "ನಾಳೆ ಪಾಲ್ಖಿ ಇದೆ, ವರ್ಕ್ ಫ್ರಮ್ ಹೋಮ್ ಮಾಡಿ." ಅಲ್ಲಿಗೆ ಮುಗೀತು. ನಮ್ಮ ಪಾಲಿಗೆ ಪಾಲ್ಖಿ ಅಂದ್ರೆ ರಸ್ತೆ ಬಂದ್. ಆ ಬಂದ್ ಆದ ರಸ್ತೆಯಲ್ಲಿ ಏನು ನಡೀತದೆ, ಅದರ ಹಿಂದೆ ಯಾವ ಪದ್ಧತಿಗಳಿವೆ, ಅದರಲ್ಲಿ ಕನ್ನಡದವರ ಪಾಲೇನು, ಇದರ ಬಗ್ಗೆ ಇವತ್ತು ಮಾತಾಡ್ತೀನಿ.

ನಾನು ದಾವಣಗೆರೆಯವಳು. ಒಂಬತ್ತು ವರ್ಷದಿಂದ ಖಡಕಿಯಲ್ಲಿದ್ದೀನಿ. ಖಡಕಿ ಅಂದ್ರೆ ಎಲ್ಲರೂ ಹೇಳೋದು ದಂಡಿನ ಕಥೆನೇ. 1817ರಲ್ಲಿ ಪೇಶ್ವೆಯವರಿಗೂ ಇಂಗ್ಲಿಷರಿಗೂ ಇಲ್ಲಿ ಯುದ್ಧ ಆಯ್ತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಬಾಂಬೆ ಸ್ಯಾಪರ್ಸ್ ಇರೋದೂ ಇಲ್ಲೇ. ಆದರೆ ವರ್ಷಕ್ಕೊಂದು ದಿನ ಇದೇ ಹಳೇ ಮುಂಬೈ ರಸ್ತೆಯಲ್ಲಿ ಆಯುಧ ಇಲ್ಲದ ಇನ್ನೊಂದು ದಂಡು ಬರುತ್ತೆ. ಜ್ಯೇಷ್ಠ ಬಹುಳ ಸಪ್ತಮಿಗೆ ತುಕಾರಾಮರ ಪಾಲ್ಖಿ ದೇಹೂದಿಂದ ಹೊರಡುತ್ತೆ. ಆಕುರ್ಡಿಯಲ್ಲಿ ತಂಗಿ, ದಾಪೋಡಿ ದಾಟಿ, ಮುಳಾ ನದಿಯ ಸೇತುವೆ ಮೇಲಿಂದ ಬೋಪೋಡಿ, ಖಡಕಿ ಹಾದು ಪುಣೆ ಸೇರುತ್ತೆ. ಅದೇ ದಿನ ಆಳಂದಿಯಿಂದ ಜ್ಞಾನೇಶ್ವರರ ಪಾಲ್ಖಿಯೂ ಬರುತ್ತೆ. ಎರಡೂ ಆಷಾಢ ಏಕಾದಶಿ ಹೊತ್ತಿಗೆ ಪಂಢರಪುರದಲ್ಲಿ ಇರಬೇಕು. ಎರಡೂವರೆ ವಾರಕ್ಕೂ ಹೆಚ್ಚಿನ ನಡಿಗೆ. ಇದಕ್ಕೆ ವಾರಿ ಅಂತಾರೆ, ನಡೆಯುವವರು ವಾರಕರಿಗಳು.

ದೂರದಿಂದ ನೋಡಿದ್ರೆ ಬರೀ ಜನಜಂಗುಳಿ. ಹತ್ತಿರ ಹೋಗಿ ಕೇಳಿದ್ರೆ ಪ್ರತಿಯೊಂದಕ್ಕೂ ನೇಮ ಇದೆ. ನಡೆಯುವವರು ದಿಂಡಿ ಅನ್ನೋ ಗುಂಪುಗಳಲ್ಲಿ ಇರ್ತಾರೆ. ದಿಂಡಿಗೆ ನಂಬರು ಇರುತ್ತೆ. ರಥದ ಮುಂದೆ ಎಷ್ಟನೆಯದು, ಹಿಂದೆ ಎಷ್ಟನೆಯದು ಅನ್ನೋದು ಗೊತ್ತು ಮಾಡಿದ ಜಾಗ, ಯಾರೂ ನುಗ್ಗಿ ಮುಂದೆ ಹೋಗೋ ಹಾಗಿಲ್ಲ. ಪತಾಕೆ ಹಿಡಿದವರು, ತಾಳದವರು, ಮೃದಂಗದವರು, ವೀಣೆಯವರು, ತಲೆ ಮೇಲೆ ತುಳಸಿ ಹೊತ್ತ ಹೆಂಗಸರು, ಎಲ್ಲರಿಗೂ ಒಂದೊಂದು ಕೆಲಸ. ಕೊರಳಲ್ಲಿ ತುಳಸಿಮಾಲೆ ಬಿದ್ದರೆ ಮಾಂಸ, ಹೆಂಡ ಬಿಡಬೇಕು, ಏಕಾದಶಿ ಉಪವಾಸ ಹಿಡೀಬೇಕು. ಎದುರು ಬಂದವರು ಯಾರೇ ಆಗಲಿ, ವಯಸ್ಸು ಎಷ್ಟೇ ಇರಲಿ, ಒಬ್ಬರ ಕಾಲಿಗೆ ಒಬ್ಬರು ನಮಸ್ಕಾರ ಮಾಡ್ತಾರೆ.

ಇದು ಶುರುವಾಗಿದ್ದು ಹೇಗೆ? ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾದುಕೆಗಳನ್ನ ಪಾಲ್ಖಿಯಲ್ಲಿಟ್ಟು ಒಯ್ಯುವ ಪದ್ಧತಿ ತಂದರು. 19ನೇ ಶತಮಾನದಲ್ಲಿ ಹೈಬತ್‌ರಾವ್ ಬಾಬಾ ಅನ್ನೋರು ಜ್ಞಾನೇಶ್ವರರ ಪಾಲ್ಖಿಯನ್ನ ಬೇರೆ ಮಾಡಿ, ಅದಕ್ಕೆ ದಂಡಿನಂಥ ಶಿಸ್ತು ಕೊಟ್ಟರು.

ಇಲ್ಲಿ ನಮ್ಮವರಿಗೆ ಹೇಳಲೇಬೇಕಾದ ಮಾತೊಂದಿದೆ. ಜ್ಞಾನೇಶ್ವರರ ಪಾಲ್ಖಿಯ ಜೊತೆ ಎರಡು ಕುದುರೆ ಇರ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ. ಅದರ ಮೇಲೆ ಸ್ವತಃ ಮಾವುಲಿ, ಅಂದ್ರೆ ಜ್ಞಾನೇಶ್ವರರು, ಕೂತಿದ್ದಾರೆ ಅಂತ ನಂಬಿಕೆ. ಆ ಕುದುರೆಗಳು ಬರೋದು ಎಲ್ಲಿಂದ ಗೊತ್ತಾ? ನಮ್ಮ ಬೆಳಗಾವಿ ಜಿಲ್ಲೆ, ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ. ಅಲ್ಲಿನ ಶಿತೋಳೆ ಮನೆತನದ ಸೇವೆ ಅದು. ಪ್ರತಿವರ್ಷ ಸುಮಾರು 300 ಕಿಲೋಮೀಟರು ನಡೆದು ಆಳಂದಿಗೆ ಬಂದು, ಅಲ್ಲಿಂದ ಮತ್ತೆ ಪಂಢರಪುರಕ್ಕೆ ಹೊರಡ್ತವೆ.

ದೇವರ ಲೆಕ್ಕವೂ ಹಾಗೇ. ವಿಠ್ಠಲ ಕನ್ನಡದವನು, ಕರ್ನಾಟಕದವನು ಅಂತ ಕರೆಯೋ ಅಭಂಗ ಜ್ಞಾನೇಶ್ವರರ ಹೆಸರಲ್ಲೇ ಇದೆ. ಹೊಯ್ಸಳ ಸೋಮೇಶ್ವರ ಅಲ್ಲಿಗೆ ದತ್ತಿ ಕೊಟ್ಟಿದ್ದನ್ನ 1237ರ ಶಾಸನ ಹೇಳುತ್ತೆ. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ: ನಮ್ಮ ದಾಸರ ಅಂಕಿತಗಳನ್ನೇ ನೋಡಿ. ಹಾಗಂತ "ಇದು ನಮ್ಮದು" ಅಂತ ಜಗಳ ತೆಗೀಬೇಕು ಅಂತಲ್ಲ. ನಮಗೆ ಪರಕೀಯ ಅಲ್ಲ ಅನ್ನೋದಷ್ಟೇ ನನ್ನ ಮಾತು.

ನಮ್ಮ ಟೀಮಿನಲ್ಲಿ ಮನಿಲಾದ ಸಹೋದ್ಯೋಗಿ ಒಬ್ಬರಿದ್ದಾರೆ. ಅಲ್ಲಿ ಪ್ರತಿ ಜನವರಿ 9ಕ್ಕೆ ಕಿಯಾಪೋ ಚರ್ಚಿನ ಕಪ್ಪು ನಜರೀನೋ, ಅಂದ್ರೆ ಶಿಲುಬೆ ಹೊತ್ತ ಯೇಸುವಿನ ಮೂರ್ತಿಯ ಮೆರವಣಿಗೆ. ಲಕ್ಷಾಂತರ ಜನ, ಎಷ್ಟೋ ಜನ ಬರಿಗಾಲಲ್ಲಿ. "ನಮ್ಮಲ್ಲೂ ಅವತ್ತು ರಸ್ತೆ ಬಂದ್" ಅಂತ ಅವರು ನಕ್ಕರು. ಯಾಕೆ ಹೋಗ್ತಾರೆ ಅಂದ್ರೆ ಒಂದೇ ಪದ ಹೇಳಿದ್ರು: ಪನಾತಾ. ಹರಕೆ. ಮನೆಯಲ್ಲಿ ಯಾರಿಗೋ ಕಾಯಿಲೆ ವಾಸಿಯಾಗಿದ್ದಕ್ಕೆ, ಇಲ್ಲಾ ಅಪ್ಪ ಹಿಡಿದ ನೇಮವನ್ನ ಮಗ ಮುಂದುವರಿಸೋದಕ್ಕೆ. ನನಗೆ ತಕ್ಷಣ ಅರ್ಥ ಆಯ್ತು. ಹೊರಗಿನವರಿಗೆ ಕಾಣೋದು ಗದ್ದಲ, ಒಳಗಿನವರು ಸಲ್ಲಿಸ್ತಿರೋದು ಋಣ.

ಈಗ ನಮ್ಮ ಬಾಗಿಲಿಗೆ ಬರೋಣ. ಕೆಲವು ವರ್ಷದ ಹಿಂದೆ ಪಾಲ್ಖಿ ದಿನ ನಾವು ನಾಲ್ಕು ಮನೆಯವರು ಗೇಟಿನ ಹೊರಗೆ ನೀರಿನ ಕ್ಯಾನ್, ಬಾಳೆಹಣ್ಣು ಇಟ್ಕೊಂಡು ನಿಂತಿದ್ವಿ. ರಾಯಬಾಗದ ಕಡೆಯ ಅಜ್ಜಿಯೊಬ್ಬರು ನನ್ನ ಕನ್ನಡ ಕೇಳಿ ನಿಂತರು. ನೀರು ಕೊಟ್ಟೆ, ತಗೊಳ್ಳಲಿಲ್ಲ. "ನೀರ ಬ್ಯಾಡವ್ವ. ಕುಡದ್ರ ಮತ್ತ ಎಲ್ಲಿ ಹೋಗೂದು? ಕಾಲ್ಮಡಿಯಾಕ ಜಾಗ ಐತೇನು, ಅದನ್ ಹೇಳು" ಅಂದರು.

ಯೋಚನೆ ಮಾಡಿ. ಅಷ್ಟು ದೂರ ನಡೆಯೋ ಹೆಂಗಸು, ಶೌಚಾಲಯ ಸಿಗಲ್ಲ ಅಂತ ನೀರನ್ನೇ ಕುಡಿಯಲ್ಲ. ಸರ್ಕಾರ ತಾತ್ಕಾಲಿಕ ಶೌಚಾಲಯ ಇಡುತ್ತೆ, ಆದರೆ ಈ ಜನಕ್ಕೆ ಎಷ್ಟಿದ್ದರೂ ಸಾಲದು. ನಾನು ಅವರನ್ನ ಮನೆಗೆ ಕರ್ಕೊಂಡು ಹೋದೆ. ಜೊತೆಗೆ ಇನ್ನೂ ಆರು ಜನ ಬಂದರು. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ, ನೆಲಮಾಳಿಗೆಯ ಎರಡು ಶೌಚಾಲಯವನ್ನ ಅವತ್ತು ಹೆಂಗಸರಿಗೆ ತೆಗೀಬೇಕು ಅಂತ ಕೇಳ್ದೆ. ಭದ್ರತೆ, ಗಲೀಜು ಅಂತ ಬೇಡ ಅಂದೋರೇ ಜಾಸ್ತಿ. ಅದರಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ಮುಂದಿನ ವರ್ಷ ಮತ್ತೆ ಕೇಳ್ದೆ, ತೊಳೆಸೋ ಖರ್ಚು ನಾವು ನಾಲ್ಕು ಮನೆಯವರು ಕೊಡ್ತೀವಿ ಅಂತ ಬರೆದುಕೊಟ್ಟೆ. ಒಪ್ಪಿದರು. ಈಗ ಅದು ನಮ್ಮ ಸೊಸೈಟಿಯ ಪದ್ಧತಿ.

ಪದ್ಧತಿ ಬದಲಾಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಕಾಲಿಗೆ ಬೀಳೋದರಲ್ಲಿ ಭೇದ ಇಲ್ಲ ಅನ್ನೋ ಇದೇ ಸಂಪ್ರದಾಯದ ದೇವಸ್ಥಾನದೊಳಗೆ ದಲಿತರಿಗೆ ಪ್ರವೇಶ ಇರಲಿಲ್ಲ. ಸಂತ ಚೋಖಾಮೇಳರ ಸಮಾಧಿ ಇರೋದು ದೇವಸ್ಥಾನದ ಹೊರಗೆ, ಮೆಟ್ಟಿಲ ಹತ್ತಿರ. 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂತ ಮೇಲೆ ಆ ಬಾಗಿಲು ತೆರೀತು. 2020ರಲ್ಲಿ ಕೊರೊನಾ ಬಂದಾಗ ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ ಹೋದವು. ನೇಮ ತಪ್ಪಲಿಲ್ಲ, ರೀತಿ ಬದಲಾಯ್ತು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಹಬ್ಬವನ್ನ ಬಾಲ್ಕನಿಯಿಂದ ವಿಡಿಯೋ ಮಾಡೋದು ಸಾಕು, ಅದರಲ್ಲಿ ಒಂದು ಕೆಲಸ ಹಿಡೀರಿ. ಪುಣೆಯ ಕ್ಷೌರಿಕರು ಅವತ್ತು ದುಡ್ಡಿಲ್ಲದೆ ಕ್ಷೌರ ಮಾಡ್ತಾರೆ, ಚಮ್ಮಾರರು ಚಪ್ಪಲಿ ಹೊಲಿದು ಕೊಡ್ತಾರೆ. ನಮಗೆ ಏನು ಬರುತ್ತೆ? ಫೋನ್ ಚಾರ್ಜಿಗೆ ಒಂದು ಪ್ಲಗ್ ಬೋರ್ಡ್ ಹಾಕಿ. ಕಾಲಿಗೆ ಹಚ್ಚೋಕೆ ಎಣ್ಣೆ ಇಡಿ. ಕನ್ನಡ ಮಾತ್ರ ಬರೋ ಯಾತ್ರಿಕರಿಗೆ ದಾರಿ ಹೇಳಿ. ಬಾತ್‌ರೂಮಿನ ಬಾಗಿಲು ತೆಗೀರಿ. ಮಕ್ಕಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ. ನಾವು ಈ ಊರಲ್ಲಿ ಬಾಡಿಗೆ ಕೊಟ್ಟು ಇರೋರು ನಿಜ. ಆದರೆ ಬಂದವರಿಗೆ ಬಾಗಿಲು ತೆಗೆಯೋಕೆ ಮನೆ ಸ್ವಂತದ್ದೇ ಆಗಬೇಕು ಅಂತೇನಿಲ್ಲ.