ಎರಡು ಹೆಸರಿನ ಜನ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಕನ್ನಡ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ನಾವು ಈ ಸಂಜೆ ಆರಿಸಿಕೊಂಡಿರುವ ವಿಷಯವಾದರೋ ಇಂಗ್ಲಿಷರದು. ಮದುವೆಯ ಮನೆಯಲ್ಲಿ ನೆರೆಮನೆಯವರ ವಂಶಾವಳಿ ಓದಿದಂತಾಯಿತಲ್ಲ ಎಂದು ಯಾರಾದರೂ ನಕ್ಕರೆ ತಪ್ಪೇನಿಲ್ಲ. ಆದರೆ ‘ನಾವು ಯಾರು?’ ಎಂಬ ಪ್ರಶ್ನೆ ಊರು ಬಿಟ್ಟು ಬಂದ ನಮ್ಮನ್ನು ಕಾಡುವಂತೆಯೇ ಅವರನ್ನೂ ಕಾಡಿದೆ. ಅವರು ಅದಕ್ಕೆ ಹೇಳಿಕೊಂಡ ಉತ್ತರದಲ್ಲಿ ನಮಗೊಂದು ಪಾಠವಿದೆ. ಆ ಪಾಠಕ್ಕಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ. ನಮ್ಮ ಎಸ್ಪ್ಲನೇಡೇ ಸಾಕು.

ಎಸ್ಪ್ಲನೇಡ್ ಎಂದರೆ ಕೋಟೆಯ ಮುಂದೆ ಬಿಟ್ಟ ಬಯಲು. ಬಂಗಾಳಿಗಳ ಬಾಯಲ್ಲಿ ಅದು ಧರ್ಮತಲಾ. ದೇಶದ ಮೊದಲ ಮೆಟ್ರೋ ರೈಲು 1984ರ ಅಕ್ಟೋಬರ್ 24ರಂದು ಓಡಿದ್ದು ಈ ಎಸ್ಪ್ಲನೇಡಿಗೂ ಭವಾನೀಪುರಕ್ಕೂ ನಡುವೆ. ಅಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದು ಸುತ್ತ ಕಣ್ಣಾಡಿಸಿದರೆ ದೊಡ್ಡ ದೊಡ್ಡ ಹಳೆಯ ಕಟ್ಟಡಗಳು ಕಾಣುತ್ತವೆ. ‘ಇವೆಲ್ಲ ಇಂಗ್ಲಿಷರು ಕಟ್ಟಿದ್ದು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಯಲಿನ ಉತ್ತರಕ್ಕೆ ರಾಜ್ಯಪಾಲರ ನಿವಾಸವಿದೆ. 1799ರಿಂದ 1803ರವರೆಗೆ ಅದನ್ನು ಕಟ್ಟಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. 1799ರ ಮೇ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣ ಬಿದ್ದದ್ದೂ ಅವನ ಆಳ್ವಿಕೆಯಲ್ಲಿಯೇ. ಕಟ್ಟಡಕ್ಕೆ ಮಾದರಿ ಇಂಗ್ಲೆಂಡಿನ ಡರ್ಬಿಷೈರಿನ ಕೆಡಲ್‌ಸ್ಟನ್ ಎಂಬ ಬಂಗಲೆ. ಕಟ್ಟಿಸಿದವನು ಹುಟ್ಟಿದ್ದು ಮಾತ್ರ ಐರ್ಲೆಂಡಿನಲ್ಲಿ. ಮೈದಾನದ ಕಡೆ ತಿರುಗಿದರೆ ಎತ್ತರದ ಸ್ತಂಭವೊಂದು ನಿಂತಿದೆ. ನೇಪಾಳ ಯುದ್ಧದ ಸೇನಾನಿ ಅಕ್ಟರ್ಲೋನಿಯ ನೆನಪಿಗಾಗಿ 1828ರಲ್ಲಿ ಎದ್ದ ಆ ಸ್ತಂಭ 1969ರಿಂದ ಶಹೀದ್ ಮಿನಾರ್ ಎನಿಸಿಕೊಂಡಿದೆ. ಆ ಅಕ್ಟರ್ಲೋನಿ ಹುಟ್ಟಿದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ತಂದೆಯ ಕಡೆಯಿಂದ ಅವನು ಸ್ಕಾಟ್ ಮೂಲದವನು.

ಇನ್ನಷ್ಟು ಉತ್ತರಕ್ಕೆ ನಡೆದರೆ ಲಾಲ್ ದೀಘಿಯ ಮೂಲೆಯಲ್ಲಿ ಸಂತ ಆಂಡ್ರೂವಿನ ಇಗರ್ಜಿ. 1818ರಲ್ಲಿ ತೆರೆದ ಈ ಇಗರ್ಜಿ ಸ್ಕಾಟರದು. ಇಂಗ್ಲೆಂಡಿನ ಇಗರ್ಜಿಗೆ ದೊರೆಯೇ ಮುಖ್ಯಸ್ಥ. ಸ್ಕಾಟ್ಲೆಂಡಿನ ಇಗರ್ಜಿ ಆ ಯಜಮಾನಿಕೆಯನ್ನು ಒಪ್ಪುವುದಿಲ್ಲ. ಇದರ ಶಿಖರ ಎಷ್ಟು ಎತ್ತರವಿರಬೇಕೆಂಬುದರ ಮೇಲೆ ಇಂಗ್ಲೆಂಡಿನ ಬಿಷಪ್ಪನಿಗೂ ಸ್ಕಾಟರ ಪಾದ್ರಿಗೂ ಜಗಳವಾಗಿ, ಕೊನೆಗೆ ಪಾದ್ರಿ ಹಟ ಹಿಡಿದು ಶಿಖರದ ತುದಿಗೆ ಲೋಹದ ಕೋಳಿಯೊಂದನ್ನು ಕೂರಿಸಿದನೆಂದು ಕತೆ ಹೇಳುತ್ತಾರೆ. ಆಳಲು ಬಂದವರು ತಮ್ಮ ತಮ್ಮಲ್ಲಿ ಹೀಗೆ ಅಂಗುಲ ಅಂಗುಲಕ್ಕೆ ಲೆಕ್ಕ ಇಟ್ಟಿದ್ದರು.

ಕನ್ನಡಿಗರಾದ ನಾವು ನೆನೆಯಬೇಕಾದವರು ಇನ್ನಿಬ್ಬರಿದ್ದಾರೆ. ದಕ್ಷಿಣದ ಪಾರ್ಕ್ ಸ್ಟ್ರೀಟ್ ಸಮಾಧಿಭೂಮಿಯಲ್ಲಿ ಕರ್ನಲ್ ಕಾಲಿನ್ ಮೆಕೆಂಜಿ ಮಲಗಿದ್ದಾನೆ. ಟಿಪ್ಪುವಿನ ಪತನದ ಮೇಲೆ ಮೈಸೂರು ಸೀಮೆಯನ್ನು ಅಳೆದವನು, ಕಾವಲಿ ಸೋದರರಂಥ ನಮ್ಮ ದಕ್ಷಿಣದ ಪಂಡಿತರ ನೆರವಿನಿಂದ ಸಾವಿರಾರು ಶಾಸನಗಳ ಪ್ರತಿ ಮಾಡಿಸಿದವನು, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. 1821ರಲ್ಲಿ ತೀರಿಕೊಂಡ. ಅವನ ಊರು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪ. ಆ ದ್ವೀಪದ ಮಾತು ಇಂಗ್ಲಿಷಲ್ಲ, ಗೇಲಿಕ್. ಇನ್ನೊಬ್ಬ, ಹೂಗ್ಲಿಯ ದಡದ ಶ್ರೀರಾಂಪುರದಲ್ಲಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ ವಿಲಿಯಂ ಕೇರಿ. ಇವನೊಬ್ಬ ಅಪ್ಪಟ ಇಂಗ್ಲೆಂಡಿನವನು. ಹೀಗೆ ನಾವು ‘ಇಂಗ್ಲಿಷರು’ ಎಂದು ಒಂದೇ ಚೀಲಕ್ಕೆ ತುಂಬಿದವರನ್ನು ಹೊರಗೆ ತೆಗೆದು ನೋಡಿದರೆ ನಾಲ್ವರಲ್ಲಿ ಇಂಗ್ಲಿಷನೆಂದು ನಿಸ್ಸಂದೇಹವಾಗಿ ಹೇಳಬಹುದಾದವನು ಒಬ್ಬನೇ ಸಿಕ್ಕುತ್ತಾನೆ!

ಇಂಗ್ಲೆಂಡು ಎಂಬುದು ಒಂದು ನಾಡು. ಬ್ರಿಟನ್ ಎಂಬುದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದ ಮನೆ. ವೇಲ್ಸನ್ನು ಇಂಗ್ಲೆಂಡು ಹದಿನಾರನೆಯ ಶತಮಾನದಲ್ಲಿ ಕಾನೂನಿನಿಂದ ತನ್ನೊಳಕ್ಕೆ ಸೇರಿಸಿಕೊಂಡಿತು. ಸ್ಕಾಟ್ಲೆಂಡು 1707ರಲ್ಲಿ ಒಪ್ಪಂದದ ಮೇಲೆ ಬಂತು. ಬರುವಾಗ ತನ್ನ ಇಗರ್ಜಿಯನ್ನೂ ನ್ಯಾಯಪದ್ಧತಿಯನ್ನೂ ಉಳಿಸಿಕೊಂಡೇ ಬಂತು. ಐರ್ಲೆಂಡು 1801ರಲ್ಲಿ ಸೇರಿ, 1922ರಲ್ಲಿ ಬಹುಭಾಗ ಹೊರಬಿದ್ದಿತು. ಅವರ ಬಾವುಟದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳ ಶಿಲುಬೆಗಳಿವೆ. ವೇಲ್ಸಿನ ಗುರುತು ಮಾತ್ರ ಇಲ್ಲ.

ಈ ಭೇದ ಅವರಿಗೆ ಎಷ್ಟು ಆಳವಾದದ್ದೆಂಬುದಕ್ಕೆ ನಮ್ಮ ಊರೇ ಸಾಕ್ಷಿ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿದ್ದ ಬಿಳಿಯರು ರಗ್ಬಿ ಎಂಬ ಚೆಂಡಾಟ ಆಡಿದರು. ಪಕ್ಷಕ್ಕೆ ಇಪ್ಪತ್ತು ಜನ. ಪಕ್ಷ ಕಟ್ಟಿದ್ದು ಹೇಗೆ? ಒಂದು ಕಡೆ ಇಂಗ್ಲೆಂಡು. ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಮೂರೂ ಕೂಡಿ. ನಮ್ಮ ಎದುರಿಗೆ ಅವರೆಲ್ಲ ಒಂದೇ ಸರ್ಕಾರ. ಆಟದ ಬಯಲಿಗೆ ಇಳಿದೊಡನೆ ನಾಲ್ಕು ನಾಡು. ಮರುವರ್ಷ ಹುಟ್ಟಿದ ಅವರ ಕ್ಲಬ್ಬು ಐದೇ ವರ್ಷದಲ್ಲಿ ಮುಚ್ಚುವಂತಾದಾಗ, ಕೈಯಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಲ್ಲಿ ಎಡಿನ್‌ಬರೋದಲ್ಲಿ ಇಂಗ್ಲೆಂಡೂ ಸ್ಕಾಟ್ಲೆಂಡೂ ಆ ಬಟ್ಟಲಿಗಾಗಿ ಮೊದಲ ಸಾರಿ ಆಡಿದವು. ‘ಕಲ್ಕತ್ತಾ ಕಪ್’ ಎಂಬ ಹೆಸರಿನಲ್ಲಿ ಇಂದಿಗೂ ಆಡುತ್ತಿವೆ. ಅವರ ಎರಡು ನಾಡುಗಳ ಸ್ಪರ್ಧೆಗೆ ಬಟ್ಟಲಾದದ್ದು ಈ ಊರಿನ ರೂಪಾಯಿ!

ಸ್ಕಾಟನನ್ನು ‘ನೀನು ಯಾರು?’ ಎಂದು ಕೇಳಿದರೆ ಅವನ ಬಳಿ ಎರಡು ಹೆಸರುಗಳಿವೆ. ಎರಡನ್ನೂ ಇಟ್ಟುಕೊಳ್ಳುವುದೋ ಒಂದನ್ನು ಬಿಡುವುದೋ ಎಂದು ಅವನು 2014ರಲ್ಲಿ ಮತ ಹಾಕಿಯೇ ಯೋಚಿಸಿದ; ನೂರಕ್ಕೆ ಐವತ್ತೈದು ಜನ ಇಟ್ಟುಕೊಳ್ಳೋಣವೆಂದರು. ವೇಲ್ಸಿನವನು ತನ್ನ ಭಾಷೆಗಾಗಿ ಹೋರಾಡಿ ನ್ಯಾಯಾಲಯ, ಶಾಲೆ, ದೂರದರ್ಶನಗಳಲ್ಲಿ ಅದಕ್ಕೆ ಸ್ಥಾನ ಗಳಿಸಿಕೊಂಡ. ಆದರೆ ಇಂಗ್ಲಿಷನನ್ನು ಕೇಳಿದರೆ? ಅವನು ತಡವರಿಸುತ್ತಾನೆ. ದೊಡ್ಡ ಮನೆಯ ಹೆಸರನ್ನೇ ತನ್ನ ಹೆಸರೆಂದು ಬಹುಕಾಲ ಬಳಸಿದ. ಇಂಗ್ಲೆಂಡ್ ಎಂದರೂ ಬ್ರಿಟನ್ ಎಂದರೂ ಅವನಿಗೆ ಒಂದೇ. 1999ರಲ್ಲಿ ಸ್ಕಾಟ್ಲೆಂಡಿಗೂ ವೇಲ್ಸಿಗೂ ಅವರವರ ಶಾಸನಸಭೆಗಳು ಬಂದವು. ಇಂಗ್ಲೆಂಡಿಗೆ ಪ್ರತ್ಯೇಕ ಸಭೆಯಿಲ್ಲ. ಅದಕ್ಕೇ ಮೀಸಲಾದ ಅಧಿಕೃತ ನಾಡಗೀತೆಯೂ ಇಲ್ಲ.

ಜನಗಣತಿಯ ಸಂಗತಿಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. 2011ರಲ್ಲಿ ಇಂಗ್ಲೆಂಡು, ವೇಲ್ಸುಗಳಲ್ಲಿ ತಾವು ‘ಇಂಗ್ಲಿಷ್’ ಮಾತ್ರ ಎಂದು ಬರೆದವರು ನೂರಕ್ಕೆ ಸುಮಾರು 58 ಜನ. ‘ಬ್ರಿಟಿಷ್’ ಮಾತ್ರ ಎಂದವರು 19. ಹತ್ತು ವರ್ಷದ ಮೇಲೆ, 2021ರಲ್ಲಿ, ‘ಇಂಗ್ಲಿಷ್’ 15ಕ್ಕೆ ಇಳಿದು ‘ಬ್ರಿಟಿಷ್’ 55ಕ್ಕೆ ಏರಿತು. ಜನರ ಹೃದಯ ಬದಲಾಯಿತೇ? ಅದಕ್ಕಿಂತ ಮುಖ್ಯ ಕಾರಣ, ಇಂಗ್ಲೆಂಡಿನ ನಮೂನೆಯಲ್ಲಿ ‘ಬ್ರಿಟಿಷ್’ ಎಂಬ ಪದವನ್ನು ಈ ಸಾರಿ ಪಟ್ಟಿಯ ಮೊದಲಿಗೆ ಅಚ್ಚು ಮಾಡಿದ್ದು ಎಂದು ಗಣತಿಯವರೇ ವಿವರಿಸಿದರು. ಪದದ ಜಾಗ ಬದಲಾದೊಡನೆ ಹೆಸರು ಬದಲಾಗುವುದಾದರೆ ಆ ಎರಡು ಹೆಸರುಗಳ ನಡುವೆ ಅವನು ಗೋಡೆಯನ್ನೇ ಕಟ್ಟಿರಲಿಲ್ಲವೆಂದು ತಿಳಿಯಬೇಕು.

ಈಗ ನಮ್ಮ ಕಡೆ ತಿರುಗೋಣ. ಈ ಊರಿನಲ್ಲಿ ‘ನೀವು ಮದ್ರಾಸಿಗಳೇ?’ ಎಂದು ಕೇಳಿಸಿಕೊಳ್ಳದ ಕನ್ನಡಿಗರು ನಮ್ಮಲ್ಲಿ ಯಾರಿದ್ದಾರೆ? ಕೇಳುವವರಲ್ಲಿ ಕೆಟ್ಟ ಭಾವನೆ ಇರುವುದಿಲ್ಲ. ಆದರೂ ಮನಸ್ಸು ಚುರುಕ್ಕೆನ್ನುತ್ತದೆ. ಸ್ಕಾಟನನ್ನು ಇಂಗ್ಲಿಷನೆಂದಾಗ ಅವನಿಗೆ ಆಗುವ ನೋವು ಇದೇ.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಮನೆಯೊಳಗೇ ಇದೆ. 1956ರ ನವೆಂಬರ್ 1ರಂದು ಮೈಸೂರು ಸಂಸ್ಥಾನವೂ ಕೊಡಗೂ ಮುಂಬಯಿ, ಹೈದರಾಬಾದು, ಮದ್ರಾಸು ಪ್ರಾಂತಗಳ ಕನ್ನಡ ಪ್ರದೇಶಗಳೂ ಒಂದಾದವು. ಕಾಸರಗೋಡು ಕೇರಳದಲ್ಲಿ ಉಳಿದ ನೋವು ಬೇರೆ. ಆದರೆ ಒಂದಾದ ನಾಡಿಗೆ ಇಟ್ಟ ಹೆಸರು ಮೈಸೂರು. ಒಂದು ಭಾಗದ ಹೆಸರು ಇಡೀ ಮನೆಗೆ! ಧಾರವಾಡದವರಿಗೂ ಕಲಬುರ್ಗಿಯವರಿಗೂ ಅದು ಒಪ್ಪಿಗೆಯಾಗಲಿಲ್ಲ. ಹದಿನೇಳು ವರ್ಷದ ಮೇಲೆ, 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ನಾಡು ಕರ್ನಾಟಕವಾಯಿತು. ಅರಸರು ಮೈಸೂರು ಸೀಮೆಯವರೇ. ಹೆಸರು ಬಿಟ್ಟುಕೊಟ್ಟದ್ದರಿಂದ ಮೈಸೂರಿಗೆ ಏನು ಕಡಮೆಯಾಯಿತು? ಮೈಸೂರು ಮೈಸೂರಾಗಿಯೇ ಉಳಿಯಿತು, ನಾಡು ಎಲ್ಲರದಾಯಿತು. ಇಂಗ್ಲಿಷನಿಗೆ ಕಷ್ಟವಾದ ಕೆಲಸವನ್ನು ನಾವು ಮಾಡಿದೆವು.

ಇನ್ನೊಂದು ಭಾಗ್ಯವೂ ನಮಗಿದೆ. ಇಂಗ್ಲೆಂಡಿಗೆ ಹೋಗಿ ನೆಲೆಸಿದ ಬಂಗಾಳ, ಪಂಜಾಬುಗಳ ಮೂಲದ ಅನೇಕರು ‘ನಾವು ಬ್ರಿಟಿಷರು’ ಎಂದು ಸುಲಭವಾಗಿ ಹೇಳುತ್ತಾರೆ. ‘ನಾವು ಇಂಗ್ಲಿಷರು’ ಎನ್ನಲು ಹಿಂಜರಿಯುತ್ತಾರೆ. ಅದು ನೆಲದ ಹೆಸರೋ ರಕ್ತದ ಹೆಸರೋ ಎಂಬ ಸಂಶಯ ಅವರದು. ಕನ್ನಡಿಗನೆಂಬ ಹೆಸರು ಹಾಗಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಅವರು ಕನ್ನಡಿಗರಲ್ಲವೆಂದರೆ ಕನ್ನಡಿಗರು ಯಾರು? ನಮ್ಮ ಮನೆಯ ಬಾಗಿಲು ನುಡಿಯ ಕಡೆಯಿಂದ ತೆರೆದಿದೆ.

ಆದರೆ ಈ ಹೆಮ್ಮೆಯ ಬೆನ್ನಿಗೇ ಒಂದು ಎಚ್ಚರಿಕೆಯೂ ಬೇಕು. ಈ ಸಭೆಯಲ್ಲಿಯೇ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಡವ ಭಾಷೆ ಆಡುವವರಿದ್ದಾರೆ, ಕೊಂಕಣಿ, ಉರ್ದು ಆಡುವವರಿದ್ದಾರೆ. ಅವರು ಎರಡು ಹೆಸರು ಹೇಳಿಕೊಂಡಾಗ ‘ಮೊದಲು ಕನ್ನಡಿಗರೆನ್ನಿ’ ಎಂದು ನಾವು ಹುಬ್ಬು ಗಂಟು ಹಾಕಿದರೆ, ನಾವೂ ಮನೆಯ ಹಿರಿಯನೆಂಬ ಮದದಲ್ಲಿ ಇಂಗ್ಲಿಷನ ತಪ್ಪನ್ನೇ ಮಾಡಿದಂತೆ. ‘ಮದ್ರಾಸಿ’ ಎಂಬ ಮಾತು ನಮಗೆ ಚುಚ್ಚುವುದಾದರೆ, ತುಳುವರನ್ನು ನಮ್ಮ ಹೆಸರಿನಲ್ಲಿ ಮುಳುಗಿಸುವುದು ಅವರಿಗೂ ಚುಚ್ಚುತ್ತದೆ. ದೊಡ್ಡವನಾದವನು ಇಡೀ ಮನೆಗೆ ತನ್ನ ಹೆಸರಿಟ್ಟರೆ ಚಿಕ್ಕವರು ನೋಯುತ್ತಾರೆ. ಕಾಲಕ್ರಮದಲ್ಲಿ ದೊಡ್ಡವನಿಗೇ ತನ್ನ ಹೆಸರು ಮರೆತುಹೋಗುತ್ತದೆ. ಇಂಗ್ಲಿಷರ ಕತೆ ಹೇಳುವುದು ಇದನ್ನೇ.

ಕುವೆಂಪು ಅವರ ನಾಡಗೀತೆ ಕರ್ನಾಟಕವನ್ನು ಭಾರತಮಾತೆಯ ಮಗಳೆಂದು ಕರೆಯುತ್ತದೆ. ಮಗಳಾದವಳಿಗೆ ತಾಯಿಯ ಮನೆಯೂ ತನ್ನದೇ, ತನ್ನ ಹೆಸರೂ ತನ್ನದೇ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಬಂಗಾಳಿಯಲ್ಲಿ ನಗುತ್ತಾರೆ, ಇಂಗ್ಲಿಷಿನಲ್ಲಿ ಓದುತ್ತಾರೆ, ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುತ್ತಾರೆ. ‘ನೀನು ಯಾರು?’ ಎಂದು ಯಾರಾದರೂ ಕೇಳಿದಾಗ ಅವರು ಎರಡು ಹೆಸರನ್ನಾಗಲಿ ಮೂರು ಹೆಸರನ್ನಾಗಲಿ ಸಂಕೋಚವಿಲ್ಲದೆ ಹೇಳಲಿ. ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಅಡಗಿಸದಿರಲಿ. ಅದಕ್ಕೆ ಬೇಕಾದ ಧೈರ್ಯವನ್ನು ಕೊಡುವುದು ನಮ್ಮ ಸಂಘದ ಕೆಲಸ, ನಮ್ಮ ಮನೆಗಳ ಕೆಲಸ.